ಓರಗಿತ್ತಿಯ ಮೆಕ್ಯಾನಿಕ್

ಮಗನ ಡೀಸೆಲ್ ಪಿಕಪ್ಪಿನ ಇಂಜಿನ್ ಕೆಡುವ ಹಂತಕ್ಕೆ ಬಂದದ್ದು ನನ್ನ ಹೊಟ್ಟೆಕಿಚ್ಚಿನಿಂದ. ಅವನ ಬದುಕು ನಡೆಯುವುದೇ ಆ ಗಾಡಿಯಿಂದ. ಇಂಜಿನ್ ತಣ್ಣಗಿಡುವ ಹಸಿರು ಕೂಲೆಂಟ್ ವಾರವಾರವೂ ಖಾಲಿಯಾಗುತ್ತಿತ್ತು, ಸೋರುವ ಜಾಗ ಮಾತ್ರ ಯಾರಿಗೂ ಸಿಗಲಿಲ್ಲ. ಮತ್ತಿಕೆರೆಯ ನನ್ನ ಓರಗಿತ್ತಿಯ ಗಾಡಿ ಒಂದು ದಿನವೂ ನಿಂತದ್ದಿಲ್ಲ. ಅದನ್ನು ನೋಡಲಾರದೆ, ಅವಳು ಹೊಗಳುವ ಮೆಕ್ಯಾನಿಕ್ ಬೇಡವೇ ಬೇಡ ಎಂದಿದ್ದೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಇಂಜಿನ್ ಕುದ್ದು ನಿಂತ ಮೇಲೆ ಮಗ ನನ್ನನ್ನು ಕೇಳದೆ ಅವನನ್ನೇ ಮನೆಗೆ ಕರೆತಂದ.

“ಅಜ್ಜಿ, ಗಾಡಿ ನಿಲ್ಸೋ ಜಾಗ ದಿನಾ ತೊಳೀತೀರಾ?”

“ತೊಳೀದೆ ರಂಗೋಲಿ ಹಾಕೋಕಾಗತ್ತೇನಪ್ಪ?”

“ಸೋರಿದ್ದೆಲ್ಲ ನೀವೇ ತೊಳೆದುಬಿಟ್ಟಿದೀರ. ನಾಳೆ ತೊಳೀಬೇಡಿ. ರಾತ್ರಿ ಇಂಜಿನ್ ಕೆಳಗೆ ರಟ್ಟು ಹಾಸಿಡಿ.”

ಏನನ್ನೂ ಬದಲಿಸದೆ, ಕಾಸೂ ಕೇಳದೆ ಹೋದ. ಇಂಥವನು ಅವಳಿಗೆ ಮೊದಲು ಸಿಕ್ಕನಲ್ಲ ಎಂದು ಇನ್ನಷ್ಟು ಉರಿಯಿತು.

ಮರುದಿನ ಬೆಳಗ್ಗೆ ರಟ್ಟಿನ ಮೇಲೆ, ವಾಟರ್ ಪಂಪಿನ ನೇರಕ್ಕೆ, ಹಸಿರು ಕಲೆಯಿತ್ತು. ಅದನ್ನು ಹಿಡಿದುಕೊಂಡು ಬಸ್ಸು ಹತ್ತಿ, ಓರಗಿತ್ತಿಯ ಕಣ್ಣಿಗೆ ಬೀಳದಂತೆ ಅವಳ ಬೀದಿ ತಪ್ಪಿಸಿ ಸುತ್ತಿಕೊಂಡು, ಅವನ ಗ್ಯಾರೇಜಿಗೆ ಹೋದೆ.