ಶಿವಲೀಲಾ ಚೀಲ ಮರೆತಿರಲಿಲ್ಲ

ಶಿವಲೀಲಾ, ಹೊಳೆ ಮನೆಯೊಳಗೆ ಬಂದ ದಿನ ನಿನ್ನ ಚೀಲವನ್ನು ಗೂಟದಿಂದ ತೆಗೆದವಳು ನಾನು, ನಿನ್ನ ವೈನಿ. ನೀನು ಎಲ್ಲಿಯೋ ಇಟ್ಟು ಮರೆತಿರಲಿಲ್ಲ. ನಾನೇ ತೆಗೆದೆ, ಬಚ್ಚಿಟ್ಟೆ, ನೀನು ಕೇಳಿದಾಗ ಗೊತ್ತಿಲ್ಲವೆಂದೆ. ಅಂದಿನಿಂದ ನಿನ್ನ ಹೆಸರು ಹೇಳಿಕೊಂಡು ರಬಕವಿ ತುಂಬ ಎದೆಯುಬ್ಬಿಸಿ ಓಡಾಡಿದವಳೂ ನಾನೇ — ಆ ಹೆಮ್ಮೆ ಸುಳ್ಳಲ್ಲ. ಇವೆರಡೂ ಒಂದೇ ಹೊಟ್ಟೆಯಲ್ಲಿ ಇಷ್ಟು ವರ್ಷ ಹೇಗೆ ಇದ್ದವೋ, ನನಗೇ ತಿಳಿಯದು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನೀನಿನ್ನೂ ಲಂಗ ಉಡುವ ಹುಡುಗಿ. ಮದುವೆಯಾದ ಮರುದಿನ ಬೆಳಿಗ್ಗೆ, ಅಡುಗೆಮನೆಯ ಮೂಲೆಯಲ್ಲಿ ನೀನು ಲಂಗ ಸರಿಸಿ ತೊಡೆಗೆ ಸೂಜಿ ಚುಚ್ಚಿಕೊಳ್ಳುವುದನ್ನು ನೋಡಿ ನಾನು ಚೀರಿದ್ದೆ. ನೀನು ನಕ್ಕೆ. "ಹೆದರಬ್ಯಾಡ್ರಿ ವೈನಿ, ಸಕ್ಕರಿ ಕಾಯಿಲೆ. ದಿನಾ ಎರಡ ಸಲ ಚುಚ್ಚಿಕೋಬೇಕು, ಅಷ್ಟ." ಸಕ್ಕರೆ ಕಾಯಿಲೆ ಮುದುಕರಿಗೆ ಬರುವುದೆಂದು ತಿಳಿದಿದ್ದ ನನಗೆ ಆ "ಅಷ್ಟ" ಎಂಬ ಮಾತು ಅರ್ಥವಾಗಲು ಬಹಳ ಕಾಲ ಬೇಕಾಯಿತು.

ನಮ್ಮ ಓಣಿ ಹೊಳೆಯ ಕಡೆಗೆ ಇಳಿಜಾರು. ಹಿಂದಿನ ಮಗ್ಗದ ಖೋಲಿಯಂತೂ ಇನ್ನೂ ತಗ್ಗು. ಆಲಮಟ್ಟಿಯ ಹಿನ್ನೀರು, ಮೇಲಿನ ಅಣೆಕಟ್ಟುಗಳ ನೀರು ಎಂದು ಗಂಡಸರು ಕಟ್ಟೆಯ ಮೇಲೆ ಕೂತು ವಾದ ಮಾಡುತ್ತಿದ್ದಾಗ ನೀನು ಹೊಲಿಗೆಯ ಮೆಷಿನ್ನಿನಲ್ಲಿ ದಪ್ಪ ಪ್ಲಾಸ್ಟಿಕ್ಕಿನ ಒಂದು ನೀಲಿ ಚೀಲ ಹೊಲಿದೆ. ಸೂಜಿಗಳು, ಗ್ಲೂಕೋಸ್ ಪುಡಿ, ಬ್ಯಾಟರಿ, ಚುರುಮುರಿ, ಕುಡಿಯುವ ನೀರು. ಮಳೆಗಾಲ ಹಿಡಿದರೆ ಅದು ಪಡಸಾಲೆಯ ಗೂಟಕ್ಕೆ. ಇನ್ಸುಲಿನ್ ಸೀಸೆಗಳು ಒದ್ದೆ ಮರಳಿನಲ್ಲಿಟ್ಟ ಪುಟ್ಟ ಮಡಕೆಯಲ್ಲಿರುತ್ತಿದ್ದವು — ಕರೆಂಟು ನಂಬುವಂಥದ್ದಲ್ಲ, ಫ್ರಿಜ್ಜು ನಮ್ಮಲ್ಲಿರಲಿಲ್ಲ. ಹೊಳೆ ಏರುವ ಸುದ್ದಿ ಬಂದರೆ ನೀನು ಅವನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಸೇರಿಸುತ್ತಿದ್ದೆ. ನಾವೆಲ್ಲ ನಗುತ್ತಿದ್ದೆವು. "ಪ್ರಳಯ ಆತಂದ್ರ ನಮ್ಮ ಶಿವಲೀಲಾ ಒಬ್ಬಾಕಿನ ಉಳಿತಾಳ" ಎಂದು ನಿನ್ನಣ್ಣ ಅನ್ನುತ್ತಿದ್ದರು. ನೀನೂ ನಗುತ್ತಿದ್ದೆ. ಆದರೆ ಚೀಲ ಗೂಟದಲ್ಲೇ ಇರುತ್ತಿತ್ತು.

ಆ ಶ್ರಾವಣದಲ್ಲಿ ನಮ್ಮ ಮಗಳು ಭಾರತಿಯನ್ನು ನೋಡಲು ಮುಧೋಳದಿಂದ ಬರುವವರಿದ್ದರು. ಒಳ್ಳೆಯ ಮನೆತನ. ಹುಡುಗ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಅದಕ್ಕೂ ಮೊದಲು ಬಂದ ಒಂದು ಸಂಬಂಧದವರು ಹಿಂದಿರುಗಿ ಹೋದ ಮೇಲೆ ಯಾರ ಕೈಯಲ್ಲೋ ಹೇಳಿ ಕಳಿಸಿದ್ದರು — ಮನೆಯಲ್ಲಿ ಸಣ್ಣ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಇದೆಯಂತಲ್ಲ, ನಾಳೆ ಹುಡುಗಿಗೂ... ಆ ಮಾತು ನಿನಗೆ ತಲುಪದಂತೆ ನೋಡಿಕೊಂಡೆ. ನನ್ನೊಳಗೆ ಮಾತ್ರ ಅದು ಕೊಳೆಯುತ್ತಿತ್ತು.

ಮುಧೋಳದವರು ಬರುವ ದಿನ ಬೆಳಿಗ್ಗೆ ನೀನು ಸೂಜಿ ಚುಚ್ಚಿಕೊಂಡು, ಹೊಳೆ ಏರಿದೆಯೆಂದು ಸೀಸೆಗಳನ್ನು ಚೀಲಕ್ಕೆ ಹಾಕಿದ ಮೇಲೆ, ಪಕ್ಕದ ಮನೆಯ ಕೂಸನ್ನು ಸ್ವಲ್ಪ ಹೊತ್ತು ನೋಡಿಕೋ ಎಂದು ನಿನ್ನನ್ನು ಕಳಿಸಿದೆ. ಯಾಕೆ ಕಳಿಸುತ್ತಿದ್ದೇನೆಂದು ನೀನು ಕೇಳಲಿಲ್ಲ. ನೀನೂ ಹೊಸ ಸೀರೆ ಉಟ್ಟಿದ್ದೆ, ಪಾಪ. ನೀನು ಹೊರಬಿದ್ದ ಕೂಡಲೇ ಚೀಲ ತೆಗೆದು ಮಗ್ಗದ ಖೋಲಿಗೆ ಒಯ್ದು ನೂಲಿನ ಗಂಟುಗಳ ಹಿಂದೆ ತುರುಕಿದೆ. ಬೀಗರು ಹೋದ ಮೇಲೆ ತಂದಿಟ್ಟರಾಯಿತು ಎಂದುಕೊಂಡೆ.

ಅವರು ಬಂದರು, ಅವಲಕ್ಕಿ ತಿಂದರು, ಭಾರತಿಯನ್ನು ಎರಡು ಮಾತು ಕೇಳಿದರು. ಘಟಪ್ರಭೆಯೂ ಏರುತ್ತಿದೆ, ರಸ್ತೆ ಬಂದಾದೀತು ಎಂದು ಅವಸರದಲ್ಲಿ ಎದ್ದರು. ನಾನು ತಟ್ಟೆ ತೊಳೆಯುತ್ತ ಅವರ ಮುಖದಲ್ಲಿ ಒಪ್ಪಿಗೆ ಇತ್ತೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಚೀಲ — ನೆನಪಾಗಲೇ ಇಲ್ಲ. ಆಗ ಓಣಿಯಲ್ಲಿ ಆಟೋದ ಮೈಕು ಕೂಗಿತು: ಮೇಲಿಂದ ನೀರು ಬಿಟ್ಟಾರ, ಎಲ್ಲಾರೂ ಸಾಲಿಗೆ ನಡೀರಿ.

ನೀನು ಓಡಿ ಬಂದು ಗೂಟ ನೋಡಿದೆ. ಗೂಟ ಬರಿದಾಗಿತ್ತು.

"ವೈನಿ, ನನ್ನ ಚೀಲ ಎಲ್ಲೈತ್ರಿ?"

ಹಿತ್ತಲಿನ ಗಟಾರದಿಂದ ನೀರು ಉಕ್ಕಿ ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿ ತುಂಬಿತ್ತು. ನಿನ್ನಣ್ಣ ಮೊಣಕಾಲು ನೀರಿನಲ್ಲಿ ನಿಂತು ರೇಷ್ಮೆ ಹೊರಗೆ ಹಾಕುತ್ತಿದ್ದರು. ಕೂಗಿ ಹೇಳಿದ್ದರೆ ಅವರೇ ಕೈಚಾಚಿ ತರುತ್ತಿದ್ದರು. ಆದರೆ ಅಲ್ಲಿಗೆ ಹೇಗೆ ಹೋಯಿತು ಎಂದು ಕೇಳುತ್ತಿದ್ದರಲ್ಲ...

"ನನಗೇನ ಗೊತ್ತವಾ? ನೀನ ಎಲ್ಲೆರ ಇಟ್ಟಿರಬೇಕು ನೋಡು."

ಈ ಮಾತನ್ನು ಆಡಿದ ಬಾಯಿ ಇದೇ.

ನೀನು ಹುಡುಕಿದೆ — ಅಡುಗೆಮನೆ, ಅಟ್ಟ, ಹಾಸಿಗೆಯ ಸಂದಿ. ನೀರು ಪಡಸಾಲೆಗೆ ಬಂದ ಮೇಲೆ ನಿನ್ನಣ್ಣ ನಿನ್ನ ರಟ್ಟೆ ಹಿಡಿದು ಎಳೆದುಕೊಂಡು ಹೊರಟರು. ಸಾಲೆಯ ದೊಡ್ಡ ತರಗತಿಯಲ್ಲಿ ಓಣಿಯ ಮಂದಿಯೆಲ್ಲ ಸೇರಿದ್ದರು. ಅವರೆಲ್ಲರ ಮುಂದೆ ನಿನ್ನಣ್ಣ ನಿನಗೆ ಬೈದರು. "ವರ್ಷಾನುಗಟ್ಟಲೆ ನಮಗ ಪಾಠ ಹೇಳಿದಿ. ಹೊತ್ತಿಗೆ ನಿನ್ನ ಚೀಲ ನಿನಗ ಸಿಗಲಿಲ್ಲೇನ?" ಸಿಟ್ಟಲ್ಲ ಅದು, ಹೆದರಿಕೆ. ನೀನು ತಲೆ ತಗ್ಗಿಸಿ, "ನಂದ ತಪ್ಪಣ್ಣಾ, ಮರತಿರಬೇಕು" ಅಂದೆ. ನಾನು ಭಾರತಿಯ ತಲೆ ಒರೆಸುತ್ತಿದ್ದೆ. ಒರೆಸುತ್ತಲೇ ಇದ್ದೆ.

ಆಮೇಲೆ ನೀನು ಮಾಡಿದ್ದನ್ನು ನಾನು ಎಷ್ಟು ಮಂದಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನೀನು ಎದ್ದು ತಹಶೀಲ್ದಾರ ಕಚೇರಿಯ ಸಾಹೇಬರ ಹತ್ತಿರ ನೆಟ್ಟಗೆ ಹೋದೆ. ಇಡೀ ಸಾಲೆಗೆ ಕೇಳುವಂತೆ ಹೇಳಿದೆ: "ನನಗ ಸಕ್ಕರಿ ಕಾಯಿಲೆ ಐತ್ರಿ. ಸಂಜೀಕ ಇನ್ಸುಲಿನ್ ಬೇಕು. ಸಿಗಲಿಲ್ಲಂದ್ರ ನಾ ಉಳಿಯಂಗಿಲ್ಲ." ನಾನು ಮುಚ್ಚಿಡಲು ಹೊರಟದ್ದನ್ನು ನೀನು ಹೀಗೆ, ಹೆಸರು ಊರು ಹೇಳಿದ ಹಾಗೆ... ಔಷಧದ ಹೆಸರು, ಎಷ್ಟು ಬೇಕು ಎಂಬುದೆಲ್ಲ ಬಾಯಲ್ಲೇ ಇತ್ತು. ಆಮೇಲೆ ಮಂದಿಯ ಕಡೆ ತಿರುಗಿದೆ. "ಇಲ್ಲಿ ಮತ್ತ ಯಾರ್ಯಾರಿಗೆ ದಿನಾ ಗುಳಿಗಿ ಬೇಕ್ರಿ? ನಾಚಬ್ಯಾಡ್ರಿ. ಒಂದ ಜೀಪು ಜಮಖಂಡಿಗೆ ಹೊಂಟೈತಿ, ಈಗ ಹೇಳ್ರಿ."

ಮೊದಲು ಯಾರೂ ಏಳಲಿಲ್ಲ. ಆಮೇಲೆ ಬಾಗಿಲ ಹತ್ತಿರ ಧೋತರ ಒದ್ದೆಯಾದ ಹಿರಿಯರೊಬ್ಬರು ಎದ್ದು ನಿಂತರು. ಮುಧೋಳದ ಬೀಗರು! ಸೇತುವೆಯ ಮೇಲೆ ನೀರು ಬಂದು, ಗಾಡಿ ತಿರುಗಿಸಿಕೊಂಡು ಬಂದು ಅದೇ ಸಾಲೆ ಸೇರಿದ್ದರು.

"ನನಗೂ ಸಕ್ಕರಿ ಐತವಾ. ಗುಳಿಗಿ ಮನ್ಯಾಗ ಉಳದಾವು. ನಮ್ಮ ಹುಡುಗನ ಲಗ್ನ ಆಗೂತನ ಹೇಳಬ್ಯಾಡ ಅಂದಿದ್ಲು ಇಕಿ" ಎಂದು ಹೆಂಡತಿಯ ಕಡೆ ಕೈ ತೋರಿಸಿದರು. ಆಕೆ ಸೆರಗು ಬಾಯಿಗೆ ಹಿಡಿದುಕೊಂಡರು. ಅವರು ಎದ್ದ ಮೇಲೆ ಒಬ್ಬೊಬ್ಬರಾಗಿ ಎದ್ದರು — ಬಿಪಿಯವರು, ದಮ್ಮಿನವರು, ಫಿಟ್ಸ್ ಬರುವ ಮಗಳ ಕೈ ಹಿಡಿದ ತಾಯಿ. ವರ್ಷಗಟ್ಟಲೆ ಗೋಡೆಗೆ ಗೋಡೆ ಹಚ್ಚಿ ಬದುಕಿದ ನಮಗೆ ಒಬ್ಬರ ಕಾಯಿಲೆ ಒಬ್ಬರಿಗೆ ಗೊತ್ತಿರಲಿಲ್ಲ.

ಸಂಜೆಗೆ ಜೀಪು ಬಂತು. ಎಲ್ಲರ ಗುಳಿಗೆ ಬಂದವು. ಇನ್ಸುಲಿನ್ ಮಾತ್ರ ಸಿಕ್ಕಿರಲಿಲ್ಲ. ಅದನ್ನು ಇಡುವ ಒಂದೇ ಅಂಗಡಿ ಮುಚ್ಚಿತ್ತಂತೆ. ನೀನು "ಇರಲಿ ಬಿಡ್ರಿ, ಮುಂಜಾನೆ ತರಿಸಿದ್ರಾತು" ಎಂದು ಗುಳಿಗೆಗಳನ್ನು ಹೆಸರು ಕೂಗಿ ಹಂಚಿದೆ.

ಬೆಳಗಾಗುವಷ್ಟರಲ್ಲಿ ನಿನಗೆ ವಾಂತಿ. ಎಷ್ಟು ಕುಡಿದರೂ ಆರದ ನೀರಡಿಕೆ, ಏದುಸಿರು. ಮತ್ತೆ ಜೀಪು ಹಿಡಿದು ಜಮಖಂಡಿಯ ದವಾಖಾನೆಗೆ ಒಯ್ಯುವಾಗ ನಿನ್ನ ತಲೆ ನನ್ನ ತೊಡೆಯ ಮೇಲಿತ್ತು. ಆಗಲಾದರೂ... ಇಲ್ಲ. ಆಗಲೂ ನನ್ನ ಬಾಯಿ ತೆರೆಯಲಿಲ್ಲ. ನೀನು ಕಣ್ಣು ತೆರೆಯದೆ, "ಭಾರತಿ ಸಂಬಂಧ ಏನಾತ್ರಿ ವೈನಿ?" ಎಂದು ಕೇಳಿದೆ.

ನೀನು ಉಳಿದೆ. ದವಾಖಾನೆಗೆ ಬೀಗರು ಎಳನೀರು ಹಿಡಿದುಕೊಂಡು ಬಂದು, "ಇಂಥಾ ಅತ್ತಿ ಇರೋ ಮನಿ ಹುಡುಗಿನ್ನ ಬಿಟ್ಟ ಹೆಂಗ ಹೋಗೂಣ?" ಎಂದರು. ಭಾರತಿ ಇಂದು ಆ ಮನೆಯಲ್ಲಿದ್ದಾಳೆ, ನಿನ್ನ ದೆಸೆಯಿಂದ.

ನೀರು ಇಳಿದ ಮೇಲೆ ಮಗ್ಗದ ಕುಣಿಯ ರಾಡಿ ಬಳಿಯುವಾಗ ಚೀಲ ನನ್ನ ಕೈಗೇ ಸಿಕ್ಕಿತು. ಕೆಸರು ತುಂಬಿತ್ತು. ನೀನು ಆಗಿನ್ನೂ ದವಾಖಾನೆಯಲ್ಲಿದ್ದೆ. ನಾನು ಅದನ್ನು ಕೊಳೆತ ನೂಲಿನ ಜೊತೆ ಸುತ್ತಿ ತಿಪ್ಪೆಗೆ ಹಾಕಿದೆ. ಮೊದಲನೆಯದನ್ನು ಅವಸರದ ತಪ್ಪು ಎನ್ನಬಹುದೇನೋ. ಇದನ್ನು ತಿಳಿದೂ ತಿಳಿದೂ ಮಾಡಿದೆ.

ನೀನು ಸುಮ್ಮನೆ ಕೂಡಲಿಲ್ಲ. ಓಣಿಯ ಮನೆಮನೆಗೂ ಚೀಲ ಹೊಲಿದು ಕೊಟ್ಟೆ. ಯಾರ ಗುಳಿಗೆ ಯಾವುದು, ಹಾಸಿಗೆ ಹಿಡಿದ ಮುದುಕಿಯನ್ನು ಎತ್ತಿಕೊಂಡು ಹೋಗುವವರು ಯಾರು ಎಂದು ಮೊದಲೇ ಮಾತಾಡಿ ಗೊತ್ತುಮಾಡಿದೆ. ಮತ್ತೊಮ್ಮೆ ಹೊಳೆ ಬಂದ ವರ್ಷ ನಮ್ಮ ಓಣಿ ಸದ್ದಿಲ್ಲದೆ ಖಾಲಿಯಾಯಿತು. ಎಲ್ಲರ ಹೆಗಲಿಗೂ ಚೀಲ. ಸಾಹೇಬರು ಬೆರಗಾಗಿ ಕೇಳಿದಾಗ ನಾನೇ ಮುಂದೆ ಬಿದ್ದು, "ನಮ್ಮ ನಾದಿನಿ ಮಾಡಿದ್ದರೀ" ಎಂದೆ. ನನಗೂ ಈಗ ಬಿಪಿ. ನನ್ನ ಚೀಲವನ್ನೂ ನೀನೇ ಹೊಲಿದದ್ದು.

ಆದರೆ ನೀನು ಬೀಗ ಹಾಕಿ ನಾಲ್ಕು ಸಲ ಎಳೆದು ನೋಡುವುದನ್ನು ನಾನು ಕಂಡಿದ್ದೇನೆ. "ಸಕ್ಕರಿ ನನ್ನ ನೆನಪ ತಿನ್ನಾಕತ್ತೇತಿ ವೈನಿ" ಎಂದು ನೀನು ಅಂದಾಗ "ಹುಚ್ಚಿ" ಎಂದು ನಕ್ಕು ಒಳಗೆ ಹೋಗಿದ್ದೇನೆ. ಮೊನ್ನೆ ಮಹಿಳಾ ಸಂಘದಲ್ಲಿ ನೀನು ಎದ್ದು ನಿಂತು, "ನಾನೂ ಒಮ್ಮೆ ಮರತೇನ್ರಿ. ನನ್ನ ನೋಡಿ ಕಲೀರಿ" ಎಂದು ಆ ದಿನದ ಕಥೆ ಹೇಳಿದೆ. ಹೆಂಗಸರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ನಾನೂ ತಟ್ಟಿದೆ. ಆ ಚಪ್ಪಾಳೆ ಇನ್ನೂ ಅಂಗೈಯಲ್ಲಿ ಉರಿಯುತ್ತಿದೆ.

ಇಂದು ಬೆಳಿಗ್ಗೆ ನಿನ್ನಣ್ಣನಿಗೆ ಎಲ್ಲ ಹೇಳಿದೆ. ಅವರು ಚಹಾ ಕೆಳಗಿಟ್ಟರು.

"ನಾ ಆಕಿಗೆ ಎಷ್ಟ ಮಂದಿ ಮುಂದ ಬೈದೆ, ನೆನಪೈತೇನ ನಿನಗ?"

"ಐತ್ರಿ."

"ಹಂಗಾದ್ರ ಅಷ್ಟೂ ಮಂದಿ ಮುಂದ ಹೇಳಬೇಕು. ನಾನೂ ಬಂದು ನಿಂದ್ರತೇನಿ."

ಸೋಮವಾರ ಸಂಘದ ಸಭೆ ಇದೆ. ಓಣಿಯವರಿಗೆಲ್ಲ ಬರಹೇಳಿದ್ದೇನೆ, ಮುಧೋಳದ ಬೀಗರಿಗೂ. ಅದಕ್ಕೂ ಮೊದಲು ನೀನು ತಿಳಿಯಬೇಕೆಂದು ಇಷ್ಟನ್ನು ಬರೆದೆ. ಆ ದಿನ ನೀನು ಏನನ್ನಾದರೂ ಅನ್ನು, ಕೇಳಿಸಿಕೊಳ್ಳುತ್ತೇನೆ. ಮತ್ತೆಂದೂ ನನ್ನನ್ನು ವೈನಿ ಎಂದು ಕರೆಯದಿದ್ದರೆ ಅದನ್ನೂ ತಾಳಿಕೊಳ್ಳುತ್ತೇನೆ. ನೀನು ನನ್ನ ನಾದಿನಿ ಎಂದು ಹೇಳಿಕೊಳ್ಳುವುದನ್ನು ಮಾತ್ರ ಬಿಡಲಾರೆ.