ಸಾರಿಸದ ನೆಲ

"ಅಜ್ಜಿ, ಚಂದ್ರನ ಮೇಲೆ ಮನುಷ್ಯರ ಹೆಜ್ಜೆ ಗುರುತು ಇನ್ನೂ ಇದ್ಯಾ?" ಅಂತ ಇವತ್ತು ಮೊಮ್ಮಗಳು ಕೇಳಿದಳು. ನಗ್ತೀರೇನೋ, ನನಗೆ ತಟ್ಟನೆ ಸಗಣಿ ವಾಸನೆ ಬಂದ ಹಾಗಾಯ್ತು.

ನಾನು ಚಿಕ್ಕವಳಿದ್ದಾಗ ಯಲಹಂಕದ ನಮ್ಮ ಮನೆಯದು ಮಣ್ಣಿನ ನೆಲ. ಶುಕ್ರವಾರ ಬಂದ್ರೆ ಅಮ್ಮ ಸಗಣಿ ಹಾಕಿ ಸಾರಿಸೋಳು. ಒಂದ್ಸಲ ನೆಲ ಆರೋ ಮುಂಚೆ ನನ್ನ ತಮ್ಮ ಸೀನ ಒಳಗೆ ಓಡಿಬಂದ. ಬಾಗಿಲ ಹತ್ರ ಅವನ ಪುಟ್ಟ ಪಾದ ಅಚ್ಚಾಗಿ ಮೂಡಿತು. ಅಮ್ಮ ಚೆನ್ನಾಗಿ ಬೈದಳು. ಅದೇ ವಾರ ಜ್ವರ ಬಂದು ಮಲಗಿದ ಸೀನ ಮತ್ತೆ ಏಳಲೇ ಇಲ್ಲ.

ಆಮೇಲೆ ಅಮ್ಮ ಆ ಪಾದ ಒಂದನ್ನ ಬಿಟ್ಟು ಸುತ್ತ ಸಾರಿಸೋಳು. ನಾವೆಲ್ಲ ಅದನ್ನ ದಾಟಿಕೊಂಡೇ ಓಡಾಡ್ತಿದ್ವಿ. ಬಾಗಲೂರಿಂದ ಬಂದ ಅಮ್ಮನ ತಾಯಿಗೆ ಇದು ಗೊತ್ತಿರಲಿಲ್ಲ. ಮಗಳಿಗೆ ಒಂದಿಷ್ಟು ಕೆಲಸ ತಪ್ಪಲಿ ಅಂತ, ಅಮ್ಮ ನೀರಿಗೆ ಹೋದಾಗ ಮನೆಯೆಲ್ಲ ನುಣ್ಣಗೆ ಸಾರಿಸಿಟ್ಟಳು. ಅಮ್ಮ ಬಿಂದಿಗೆ ಹೊತ್ಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು.

ಎಷ್ಟೋ ದಿನದ ಮೇಲೆ, ಒಂದು ಸಂಜೆ ಅಪ್ಪ ಹೋಟೆಲಿನ ರೇಡಿಯೋ ಕೇಳಿಕೊಂಡು ಬಂದ್ರು.

"ಮನುಷ್ಯ ಚಂದ್ರನ ಮೇಲೆ ಕಾಲಿಟ್ಟನಂತೆ ಕಣೇ! ಅಲ್ಲಿ ಗಾಳಿ ಇಲ್ಲ, ಮಳೆ ಇಲ್ಲ. ಆ ಹೆಜ್ಜೆ ಅಳಿಸೋದೇ ಇಲ್ವಂತೆ."

ಮುದ್ದೆ ಕಟ್ಟುತ್ತಿದ್ದ ಅಮ್ಮನ ಕೈ ನಿಂತಿತು.

"ಸಾರಿಸೋರೂ ಯಾರೂ ಇಲ್ವಾ ಅಲ್ಲಿ?"

ಅಪ್ಪ ಬಾಗಿಲ ಹತ್ರದ ನುಣ್ಣನೆ ನೆಲದ ಕಡೆ ನೋಡಿದ್ರು.

"ಇದೆ ಕಂದ, ಹಂಗೇ ಇದೆ" ಅಂದೆ ಮೊಮ್ಮಗಳಿಗೆ. ಬಚ್ಚಲಿಂದ ಬಂದಿದ್ದವಳು ಒದ್ದೆ ಕಾಲಲ್ಲೇ ಆಟಕ್ಕೆ ಓಡಿದಳು. ಟೈಲ್ಸ್ ಮೇಲೆ ಅವಳ ಪಾದ ಸಾಲಾಗಿ ಮೂಡಿದವು. ನಾನು ನೋಡ್ತಾ ಇದ್ದ ಹಾಗೇ ಒಂದೊಂದಾಗಿ ಆರಿಹೋದವು.