ಬೊಂಬಾಯಿಯ ಬಿಗಿಗೆ ಹೊರಬಂದ ಎಣ್ಣೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ತಿಪಟೂರಿನ ಬ್ಯಾಂಕ್ ಮ್ಯಾನೇಜರ್ ಮೇಲೆ ಕೂಗಾಡಿದೆ. ನಾಳೆ ಮೊಮ್ಮಗಳ ನಾಮಕರಣ. ಬೆಲೆ ಏರುವವರೆಗೆ ಕೊಬ್ಬರಿ ಮಾರದೆ, ಅದರ ಮೇಲೆ ಸಾಲ ಎತ್ತಿ ಖರ್ಚು ತೂಗಿಸುವ ಲೆಕ್ಕ ನನ್ನದು.

“ಮಾಲಿನ ಮೇಲೆ ಈಗ ಸಾಲ ಇಲ್ಲ ಯಜಮಾನ್ರೇ. ಬ್ಯಾಂಕುಗಳಿಗೆಲ್ಲ ದೊಡ್ಡ ಬ್ಯಾಂಕು ಬೊಂಬಾಯಲ್ಲಿದೆ, ಅವರ ಆರ್ಡರ್. ಸಾಲ ಸಿಕ್ಕರೆ ಎಲ್ಲರೂ ಮಾಲು ಬಚ್ಚಿಡ್ತಾರೆ, ಬೆಲೆ ಏರುತ್ತೆ,” ಅಂದರು.

“ಬೊಂಬಾಯೋರು ಒಂದು ದಿನಾನಾದ್ರೂ ಕೊಬ್ಬರಿ ಒಣಗೋ ನಮ್ಮ ಅಟ್ಟ ಹತ್ತವ್ರೇನ್ರೀ?” ಎಂದು ಬಾಗಿಲು ಬಡಿದು ಬಂದೆ. ಸಿಟ್ಟಿನಲ್ಲೇ, ಚೀಲಕ್ಕೆ ತುಂಬಿಟ್ಟಿದ್ದ ಕೊಬ್ಬರಿಯನ್ನು ಇವತ್ತಿನ ಬೆಲೆಗೇ ಮಾರಿದೆ.

ಮನೆಗೆ ಬಂದರೆ ಕಜ್ಜಾಯ ಕರಿಯುವ ವಾಸನೆ! ಊರಲ್ಲಿ ಕಡ್ಲೆಕಾಯಿ ಎಣ್ಣೆ ಸಿಗದೆ, ಕಜ್ಜಾಯವಿಲ್ಲದ ನಾಮಕರಣ ಎಂಥದ್ದೆಂದು ಮಗಳು ಮುಖ ಸಣ್ಣ ಮಾಡಿಕೊಂಡಿದ್ದಳು. ಎಣ್ಣೆ ಬಚ್ಚಿಟ್ಟ ಅಂಗಡಿಯವನಿಗೆ ನಾನು ದಿನವೂ ಶಾಪ ಹಾಕುತ್ತಿದ್ದೆ.

“ಎಣ್ಣೆ ಎಲ್ಲಿ ಸಿಕ್ತೇ?” ಎಂದು ಹೆಂಡತಿಯನ್ನು ಕೇಳಿದೆ.

“ಅದೇ ಅಂಗ್ಡೀಲಿ ಕಣ್ರೀ. ಬ್ಯಾಂಕ್ನೋರು ಎಣ್ಣೆ ಮೇಲೆ ಕೊಟ್ಟಿದ್ದ ಸಾಲ ವಾಪಸ್ ಕಟ್ಟು ಅಂತ ಕುಂತವ್ರಂತೆ. ಬೊಂಬಾಯೋರ್ನ ಬೈಕೊಂಡು ಡಬ್ಬ ಎಲ್ಲಾ ಈಚೆಗೆ ತಂದು ಮಾರ್ತಾವ್ನೆ.”

ಅವನ ಬೈಗುಳವೂ ನನ್ನದೂ ಒಂದೇ ಎಂದು ಹೊಳೆಯಿತು. ಬಿಸಿ ಕಜ್ಜಾಯ ಕಟ್ಟಿಕೊಂಡು ಮತ್ತೆ ಬ್ಯಾಂಕಿಗೆ ಹೋದೆ.

“ನಿಮ್ಮಿಂದ ಉಪಕಾರ ಆಯ್ತು ಸ್ವಾಮಿ. ನಾಳೆ ಊಟಕ್ಕೆ ಬರಲೇಬೇಕು,” ಅಂದೆ.

“ಬರ್ತೀನಿ. ಈ ಸಲ ಬಾಗಿಲು ಮೆಲ್ಲಗೆ ಹಾಕ್ಕೊಂಡು ಹೋಗಿ,” ಎಂದು ನಕ್ಕರು.

ಬೊಂಬಾಯಿಯವರಿಗೂ ಒಂದು ಎಲೆ ಹಾಕಿಸುವಷ್ಟು ಮನಸ್ಸು ತುಂಬಿದೆ. ಆದರೆ ಬೆಲೆ ಏರಲೆಂದು ಇಟ್ಟ ಒಂದಷ್ಟು ಕಾಯಿ ಇನ್ನೂ ಅಟ್ಟದ ಮೇಲೆ ಉಳಿದಿದೆ. ಊಟಕ್ಕೆ ಬಂದವರು ತಲೆ ಎತ್ತಿ ನೋಡಿದರೆ ಕಷ್ಟ.